ರೋಗಿಯ ಡೋಸ್ ರೋಗಿಯ ಕೈಗೆ ಕೊಡಿ: ಸ್ಕ್ಯಾನ್ ಬರೆಯುವವರಿಗೆ ಒಂದು ಬಹಿರಂಗ ಪತ್ರ



ಸ್ಕ್ಯಾನಿಗೆ ಚೀಟಿ ಬರೆಯುವ ವೈದ್ಯರು, ಸ್ಕ್ಯಾನಿಂಗ್ ಸೆಂಟರ್ ನಡೆಸುವ ಮಾಲೀಕರು, ರಿಪೋರ್ಟಿಗೆ ಸಹಿ ಹಾಕುವ ರೇಡಿಯಾಲಜಿಸ್ಟರು, ನಿಮ್ಮೆಲ್ಲರಿಗೂ ಸೇರಿ ಈ ಪತ್ರ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನೀಷಿಯನ್ ಆಗಿ ದುಡಿದು ನಿವೃತ್ತನಾದವನು. ನಿಮ್ಮಲ್ಲಿ ನಾನು ಕೇಳುವುದು ಒಂದೇ: ಸಿಟಿ ಸ್ಕ್ಯಾನ್ ಮಾಡಿಸಿಕೊಂಡ ಪ್ರತಿಯೊಬ್ಬರ ರಿಪೋರ್ಟಿನಲ್ಲೂ ಅವರ ಮೈಗೆ ಎಷ್ಟು ವಿಕಿರಣ ಹೋಯಿತು ಎಂಬ ಒಂದು ಸಾಲು ಬರೆದುಕೊಡಿ. ಇದು ದೊಡ್ಡ ಬೇಡಿಕೆಯಲ್ಲ. ಆದರೂ ಬಹಿರಂಗವಾಗಿ ಏಕೆ ಕೇಳಬೇಕಾಯಿತು ಎಂಬುದನ್ನು ವಿವರವಾಗಿ ಹೇಳುತ್ತೇನೆ.

ಕೆಲಸದಲ್ಲಿದ್ದಷ್ಟೂ ಕಾಲ ನನ್ನ ಎದೆಯ ಮೇಲೆ, ಲೆಡ್ ಏಪ್ರನ್ನಿನ ಒಳಗೆ, ಒಂದು ಟಿಎಲ್‌ಡಿ ಬ್ಯಾಡ್ಜ್ ಇರುತ್ತಿತ್ತು. ನೋಡಲು ಸಾಮಾನ್ಯ ಪ್ಲಾಸ್ಟಿಕ್ ಡಬ್ಬಿ. ಒಳಗೆ ಒಂದು ಲೋಹದ ಕಾರ್ಡು, ಅದರಲ್ಲಿ ಮೂರು ಬಿಳಿ ಬಿಲ್ಲೆಗಳು. ವಿಕಿರಣ ತಾಗಿದಾಗ ಆ ಬಿಲ್ಲೆಗಳು ಅದರ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಬ್ಯಾಡ್ಜುಗಳನ್ನು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆವು. ಅಲ್ಲಿ ಬಿಲ್ಲೆಗಳನ್ನು ಕಾಯಿಸಿದರೆ ಬೆಳಕು ಹೊರಬರುತ್ತದೆ, ಆ ಬೆಳಕನ್ನು ಅಳೆದರೆ ನನಗೆ ತಗುಲಿದ ಡೋಸ್ ಗೊತ್ತಾಗುತ್ತದೆ. ಆ ಅಂಕಿ ನನ್ನ ಹೆಸರಿನಲ್ಲಿ ದಾಖಲಾಗುತ್ತಿತ್ತು. ನಾನು ಊರು ಬದಲಿಸಿದರೂ, ಆಸ್ಪತ್ರೆ ಬದಲಿಸಿದರೂ ಆ ಲೆಕ್ಕ ನನ್ನ ಹಿಂದೆಯೇ ಬರುತ್ತಿತ್ತು. ನಮ್ಮಂಥವರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಮಿತಿ ಹಾಕಿದೆ: ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸನ್ನು ಅಳೆಯುವ ಮಾನ), ಯಾವುದೇ ಒಂದು ವರ್ಷದಲ್ಲಿ 30. ನನ್ನ ಅಂಕಿ ಅದರ ಹತ್ತಿರಕ್ಕೂ ಹೋದದ್ದಿಲ್ಲ.

ಗೋಡೆಯ ಆಚೆ, ಯಂತ್ರದ ಮೇಲೆ ಮಲಗಿದ್ದ ರೋಗಿಯ ಲೆಕ್ಕ ಹೀಗಿದೆ. ಎದೆಯ ಒಂದು ಎಕ್ಸ್‌ರೇಗೆ 0.1 ಮಿಲಿಸೀವರ್ಟ್ ಅಥವಾ ಅದಕ್ಕಿಂತ ಕಡಿಮೆ. ತಲೆಯ ಸಿಟಿಗೆ ಸುಮಾರು 2. ಎದೆಯ ಸಿಟಿಗೆ ಸುಮಾರು 7. ಹೊಟ್ಟೆಯದಕ್ಕೆ 8ರಿಂದ 10. ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ಕೊಡುವ ಔಷಧ) ಇಲ್ಲದೆ ಒಮ್ಮೆ, ಕಾಂಟ್ರಾಸ್ಟ್ ಕೊಟ್ಟು ಮತ್ತೊಮ್ಮೆ, ತಡೆದು ಇನ್ನೊಮ್ಮೆ ತೆಗೆದರೆ ಪ್ರತಿ ಸುತ್ತಿಗೂ ಡೋಸ್ ಸೇರುತ್ತ ಹೋಗುತ್ತದೆ. ನೆಲ, ಗಾಳಿ, ಆಹಾರ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸಹಜವಾಗಿ ತಗಲುವುದು ಜಗತ್ತಿನ ಸರಾಸರಿಯಲ್ಲಿ 2.4 ಮಿಲಿಸೀವರ್ಟ್. ಅಂದರೆ ಹೊಟ್ಟೆಯ ಒಂದು ಸಿಟಿಯಲ್ಲಿ ಮೂರು ನಾಲ್ಕು ವರ್ಷದ ಪಾಲು ಕೆಲವೇ ಸೆಕೆಂಡುಗಳಲ್ಲಿ ಮೈಗೆ ಹೋಗುತ್ತದೆ. ಬ್ಯಾಡ್ಜ್ ಇದ್ದದ್ದು ನನಗೆ. ಹೆಚ್ಚು ಡೋಸ್ ಹೋದದ್ದು ರೋಗಿಗೆ.

ರೋಗಿಗೆ ಮಿತಿ ಇಲ್ಲ, ಇರಲೂಬಾರದು. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಬಂದವನಿಗೆ ‘ನಿನ್ನ ಈ ವರ್ಷದ ಕೋಟಾ ಮುಗಿಯಿತು’ ಎನ್ನಲಾಗದು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೇ, ಕರುಳು ತೂತಾಗಿದೆಯೇ ಎಂಬುದನ್ನು ನಿಮಿಷಗಳಲ್ಲಿ ತೋರಿಸಿ ಜೀವ ಉಳಿಸಿದ ಯಂತ್ರ ಅದು. ಅಂಥ ಪ್ರಾಣಗಳು ಉಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಗತ್ಯವಿದ್ದಾಗ ಸ್ಕ್ಯಾನ್ ಬೇಡ ಎನ್ನುವವನು ನಾನಲ್ಲ. ಆದರೆ ಕಾನೂನಿನ ಮಿತಿ ಇಲ್ಲದ ಕಡೆ ಉಳಿಯುವುದು ಎರಡೇ ಕಾವಲು: ಈ ಸ್ಕ್ಯಾನ್ ನಿಜಕ್ಕೂ ಬೇಕೇ ಎಂಬ ವೈದ್ಯರ ವಿವೇಚನೆ, ಬೇಕಾದಾಗ ಎಷ್ಟು ಕಡಿಮೆ ಡೋಸಿನಲ್ಲಿ ಮುಗಿಸಬಹುದು ಎಂಬ ಸೆಂಟರಿನ ಎಚ್ಚರ. ಅಂಕಿಯನ್ನು ಬರೆದಿಡದೆ ಈ ಎರಡೂ ಕಾವಲು ಕೆಲಸ ಮಾಡಿದವೇ ಇಲ್ಲವೇ ಎಂದು ಯಾರಿಗೂ ಗೊತ್ತಾಗುವುದಿಲ್ಲ.

‘ಇಷ್ಟು ಚಿಕ್ಕ ಡೋಸಿನಿಂದ ಏನೂ ಆಗಲ್ಲ’ ಎಂದು ನಿಮ್ಮಲ್ಲಿ ಹಲವರು ರೋಗಿಗಳಿಗೆ ಧೈರ್ಯ ಹೇಳುತ್ತೀರಿ. ಈ ಮಾತಿನ ಇತಿಹಾಸ ಹಳೆಯದು. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಗರ್ಭಿಣಿಯರ ಹೊಟ್ಟೆಯ ಎಕ್ಸ್‌ರೇ ತೆಗೆಯುವುದು ಮಾಮೂಲಾಗಿತ್ತು. ಮಗು ಹೇಗೆ ಮಲಗಿದೆ, ತಾಯಿಯ ಕಿಬ್ಬೊಟ್ಟೆಯ ಎಲುಬಿನ ಅಳತೆ ಸಾಕೇ ಎಂದು ನೋಡಲು. ಅದೇ ಹೊತ್ತಿಗೆ ಪುಟ್ಟ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚುತ್ತಿದ್ದುದನ್ನು ಆಕ್ಸ್‌ಫರ್ಡಿನ ವೈದ್ಯೆ ಆಲಿಸ್ ಸ್ಟೀವರ್ಟ್ ಗಮನಿಸಿದರು. ಕ್ಯಾನ್ಸರಿನಿಂದ ಮಗುವನ್ನು ಕಳೆದುಕೊಂಡ ತಾಯಂದಿರನ್ನೂ, ಆರೋಗ್ಯವಂತ ಮಕ್ಕಳ ತಾಯಂದಿರನ್ನೂ ಒಂದೇ ಪ್ರಶ್ನಾವಳಿಯ ಮೂಲಕ ವಿಚಾರಿಸಿದರು. ಗರ್ಭದಲ್ಲಿದ್ದಾಗ ಎಕ್ಸ್‌ರೇ ಬಿದ್ದ ಮಕ್ಕಳಲ್ಲಿ ಕ್ಯಾನ್ಸರ್ ಎದ್ದು ಕಾಣುವಷ್ಟು ಹೆಚ್ಚಾಗಿತ್ತು. 1956ರಲ್ಲಿ ಮೊದಲ ವರದಿ, 1958ರಲ್ಲಿ ವಿವರವಾದ ಲೇಖನ ಬಂತು. ಅಂದಿನ ಹಿರಿಯರು ಒಪ್ಪಲಿಲ್ಲ. ಮಗುವನ್ನು ಕಳೆದುಕೊಂಡ ತಾಯಿ ಎಲ್ಲವನ್ನೂ ಕೆದಕಿ ನೆನಪಿಸಿಕೊಳ್ಳುತ್ತಾಳೆ, ಆ ನೆನಪನ್ನು ನಂಬಲಾಗದು ಎಂದರು.

ಉತ್ತರ ಸಿಕ್ಕಿದ್ದು ದಾಖಲೆಗಳಿಂದ. 1962ರಲ್ಲಿ ಅಮೆರಿಕದ ಬ್ರಿಯಾನ್ ಮ್ಯಾಕ್‌ಮಹೋನ್ ತಾಯಂದಿರನ್ನು ಕೇಳಲಿಲ್ಲ. ಹೆರಿಗೆ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ತೆಗೆದಾಗಲೇ ಬರೆದಿಟ್ಟಿದ್ದ ಕಡತಗಳನ್ನು ನೋಡಿದರು. ಗರ್ಭದಲ್ಲಿ ಎಕ್ಸ್‌ರೇ ಬಿದ್ದ ಮಕ್ಕಳಲ್ಲಿ ಕ್ಯಾನ್ಸರ್ ಸಾವು ಸುಮಾರು ಶೇ 40ರಷ್ಟು ಹೆಚ್ಚಿತ್ತು. ಆಲಿಸ್ ಸ್ಟೀವರ್ಟ್ ಹೇಳಿದ್ದು ಸರಿ ಎಂದು ತೋರಿಸಿದ್ದು ಆ ಕಡತಗಳೇ. ಆ ಎಕ್ಸ್‌ರೇಗಳಲ್ಲಿ ಭ್ರೂಣಕ್ಕೆ ತಗುಲುತ್ತಿದ್ದ ಡೋಸ್ ಹೆಚ್ಚೇನಲ್ಲ, 10 ಮಿಲಿಗ್ರೇ (ಎಕ್ಸ್‌ರೇ ಲೆಕ್ಕದಲ್ಲಿ 10 ಮಿಲಿಸೀವರ್ಟಿಗೆ ಹೆಚ್ಚುಕಡಿಮೆ ಸಮ) ಆಸುಪಾಸು. ಇಷ್ಟಾದರೂ ಆ ಪದ್ಧತಿ ಪೂರ್ತಿ ನಿಲ್ಲಲು ಇನ್ನೂ ಹಲವು ವರ್ಷ ಹಿಡಿಯಿತು. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಗಳ ಎಕ್ಸ್‌ರೇ ಕೋಣೆಯ ಬಾಗಿಲಲ್ಲೂ ‘ಗರ್ಭಿಣಿಯರು ಮೊದಲೇ ತಿಳಿಸಿ’ ಎಂಬ ಫಲಕ ಇದೆ. ಆ ಫಲಕದ ಹಿಂದೆ ಆ ತಾಯಂದಿರ ಮಾತೂ ಇದೆ, ಆ ಕಡತಗಳೂ ಇವೆ.

ವಿಕಿರಣ ಮಾಡುವ ಕೆಲಸ ತಿಳಿದದ್ದೇ. ಎಕ್ಸ್‌ರೇ ಮತ್ತು ಗಾಮಾ ಕಿರಣಗಳಿಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುವ ಶಕ್ತಿಯಿದೆ. ಅಲ್ಟ್ರಾಸೌಂಡಿಗೆ, ಎಂಆರ್‌ಐಗೆ, ಮೊಬೈಲ್ ತರಂಗಕ್ಕೆ ಆ ಶಕ್ತಿ ಇಲ್ಲ. ಹಾಗೆ ಕಿತ್ತುಬಂದ ಎಲೆಕ್ಟ್ರಾನ್ ಡಿಎನ್‌ಎಯ ಎರಡೂ ಎಳೆಗಳನ್ನು ತುಂಡರಿಸಬಲ್ಲದು. ಜೀವಕೋಶ ಬಹುಮಟ್ಟಿಗೆ ಅದನ್ನು ಬೆಸೆದುಕೊಳ್ಳುತ್ತದೆ. ಅಪರೂಪಕ್ಕೆ ತಪ್ಪಾಗಿ ಬೆಸೆಯುತ್ತದೆ. ಆ ತಪ್ಪು ಮುಂದಿನ ಕೋಶಗಳಿಗೆ ದಾಟಿ, ಬೇರೆ ತಪ್ಪುಗಳೂ ಸೇರಿಕೊಂಡರೆ ಕ್ಯಾನ್ಸರ್. ರಕ್ತದ ಕ್ಯಾನ್ಸರ್ ಎರಡು ಮೂರು ವರ್ಷಕ್ಕೇ ಕಾಣಿಸಬಹುದು, ಗಡ್ಡೆಗಳಿಗೆ ಹತ್ತು ವರ್ಷ ಅಥವಾ ಹೆಚ್ಚು ಬೇಕು. ಮಕ್ಕಳಿಗೆ ಅಪಾಯ ಹೆಚ್ಚು: ಅವರ ಕೋಶಗಳು ಬೇಗ ಒಡೆದು ಬೆಳೆಯುತ್ತಿರುತ್ತವೆ, ಮುಂದೆ ಬಾಳಬೇಕಾದ ವರ್ಷಗಳೂ ಹೆಚ್ಚಿರುತ್ತವೆ.

ಅಪಾಯ ಎಷ್ಟು? 1945ರ ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕುಳಿದವರನ್ನೂ ಹೋಲಿಕೆಯ ಗುಂಪನ್ನೂ ಸೇರಿಸಿ ಸುಮಾರು 1,20,000 ಮಂದಿಯನ್ನು 1950ರಿಂದ ಇಂದಿನವರೆಗೂ ಗಮನಿಸಲಾಗುತ್ತಿದೆ. ಅದನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ 2006ರಲ್ಲಿ ಪ್ರಕಟಿಸಿದ ಅಂದಾಜು ಇದು: ಅಮೆರಿಕದ 100 ಮಂದಿಗೆ ತಲಾ 100 ಮಿಲಿಸೀವರ್ಟ್ ತಗುಲಿದರೆ ಆ ಕಾರಣಕ್ಕೆ ಒಬ್ಬರಿಗೆ ಜೀವಮಾನದಲ್ಲಿ ಕ್ಯಾನ್ಸರ್ ಬರಬಹುದು, ಅದೇ ನೂರು ಮಂದಿಯಲ್ಲಿ 42 ಮಂದಿಗೆ ಬೇರೆ ಕಾರಣಗಳಿಂದ ಹೇಗೂ ಬರುತ್ತದೆ. 10 ಮಿಲಿಸೀವರ್ಟ್ ಆದರೆ ಸಾವಿರಕ್ಕೆ ಒಬ್ಬರು. ಆ ಒಬ್ಬರು ಯಾರೆಂದು ಯಾವ ಪರೀಕ್ಷೆಯೂ ಹೇಳಲಾರದು, ಏಕೆಂದರೆ ವಿಕಿರಣದಿಂದ ಬಂದ ಕ್ಯಾನ್ಸರಿಗೆ ಬೇರೆ ಗುರುತಿಲ್ಲ.

ಬಾಂಬಿನ ಮಾತು ಬೇರೆ, ಸ್ಕ್ಯಾನಿನ ಮಾತು ಬೇರೆ ಎನ್ನುವವರು ಸ್ಕ್ಯಾನ್ ಮಾಡಿಸಿಕೊಂಡ ಮಕ್ಕಳನ್ನೇ ಗಮನಿಸಿದ ಅಧ್ಯಯನಗಳನ್ನು ನೋಡಬಹುದು. 2012ರಲ್ಲಿ ಬ್ರಿಟನ್ನಿನದು ಬಂತು. 2013ರಲ್ಲಿ ಆಸ್ಟ್ರೇಲಿಯದ್ದು ಬಂತು. 2023ರಲ್ಲಿ ಯುರೋಪಿನ ಒಂಬತ್ತು ದೇಶಗಳ ಸುಮಾರು ಒಂಬತ್ತೂವರೆ ಲಕ್ಷ ಎಳೆಯರ ದಾಖಲೆ ಹಿಡಿದು ಮಾಡಿದ್ದು ಬಂತು. ಕಾಯಿಲೆ ಮೊದಲೇ ಇದ್ದುದರಿಂದ ಸ್ಕ್ಯಾನ್ ಮಾಡಿಸಿರಬಹುದು ಎಂಬ ಆಕ್ಷೇಪಕ್ಕೆ ಉತ್ತರವಾಗಿ ಸ್ಕ್ಯಾನ್ ಆದ ಮೊದಲ ವರ್ಷಗಳನ್ನು ಅದರಲ್ಲಿ ಲೆಕ್ಕದಿಂದ ಕೈಬಿಟ್ಟಿದ್ದರು. ಇಂದಿನ ಸಾಮಾನ್ಯ ಡೋಸಿನಲ್ಲಿ 10,000 ಮಕ್ಕಳಿಗೆ ಸಿಟಿ ಮಾಡಿದರೆ ಮುಂದಿನ ಹನ್ನೆರಡು ವರ್ಷಗಳಲ್ಲಿ ಒಬ್ಬಿಬ್ಬರಿಗೆ ಹೆಚ್ಚುವರಿಯಾಗಿ ರಕ್ತದ ಕ್ಯಾನ್ಸರ್ ಬರುತ್ತದೆ ಎಂಬುದು ಅದರ ಅಂದಾಜು. ಒಂದು ಮಗುವಿಗೆ ಇದು ತೀರಾ ಚಿಕ್ಕ ಅಪಾಯ. ಸ್ಕ್ಯಾನ್ ಅಗತ್ಯವಿದ್ದರೆ ಕಣ್ಣು ಮುಚ್ಚಿ ಒಪ್ಪಬಹುದಾದಷ್ಟು ಚಿಕ್ಕದು. ಅಗತ್ಯವೇ ಇಲ್ಲದೆ ಮಾಡಿದ ಸ್ಕ್ಯಾನಿಗೆ ಮಾತ್ರ ಅಷ್ಟನ್ನೂ ಒಪ್ಪಲು ಕಾರಣವಿಲ್ಲ.

ಇನ್ನೊಂದು ಪಕ್ಷದ ಮಾತನ್ನೂ ಹೇಳುವುದು ನ್ಯಾಯ. ನಮ್ಮ ನೆರೆಯ ಕೇರಳದ ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿಯಲ್ಲಿ ಕಡಲ ಮರಳಿನಲ್ಲೇ ಥೋರಿಯಂ ಇರುವ ಮೋನಜೈಟ್ ಇದೆ. ಅಲ್ಲಿ ಕೆಲವರಿಗೆ ಉಳಿದೆಡೆಗಿಂತ ಹಲವು ಪಟ್ಟು ಹೆಚ್ಚು ವಿಕಿರಣ ಹುಟ್ಟಿದಂದಿನಿಂದ ತಗಲುತ್ತದೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರೂ ಜಪಾನಿನ ಸಂಶೋಧಕರೂ ಸೇರಿ ಅಲ್ಲಿನ ಸುಮಾರು 70,000 ನಿವಾಸಿಗಳನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ. ಫ್ರಾನ್ಸಿನ ವಿಜ್ಞಾನ ಮತ್ತು ವೈದ್ಯಕೀಯ ಅಕಾಡೆಮಿಗಳೂ 2005ರಲ್ಲಿ, ಕಡಿಮೆ ಡೋಸಿಗೆ ನೇರ ಅನುಪಾತದ ಲೆಕ್ಕ ಹಾಕುವುದು ಸರಿಯಲ್ಲ ಎಂದವು. ಆದರೆ ಫ್ರಾನ್ಸ್, ಬ್ರಿಟನ್, ಅಮೆರಿಕದ 3,09,932 ಪರಮಾಣು ಕಾರ್ಮಿಕರ ಅಧ್ಯಯನ 2023ರಲ್ಲಿ ಬಂದಾಗ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ತಗುಲಿದ ಡೋಸಿನ ಜೊತೆಗೂ ಗಡ್ಡೆ ಕ್ಯಾನ್ಸರಿನ ಸಾವು ಏರುತ್ತಿತ್ತು, ಒಂದು ಗ್ರೇಗೆ (ಸಾವಿರ ಮಿಲಿಗ್ರೇ) ಶೇ 52ರ ದರದಲ್ಲಿ. ಆ ಕಾರ್ಮಿಕರ ಎದೆಯ ಮೇಲೆ ಬ್ಯಾಡ್ಜ್ ಇತ್ತು, ಅಂಕಿ ಬರೆದಿಟ್ಟಿತ್ತು, ಹಾಗಾಗಿ ಆ ಅಧ್ಯಯನ ಸಾಧ್ಯವಾಯಿತು. ವಿಜ್ಞಾನಿಗಳ ವಾದ ಮುಂದುವರಿಯಲಿ. ವಾದ ತೀರುವವರೆಗೆ ಸಂದೇಹದ ಲಾಭ ರೋಗಿಗೆ ಸಿಗಬೇಕು, ಯಂತ್ರಕ್ಕಲ್ಲ.

ಅಂಕಿ ಕೈಯಲ್ಲಿಲ್ಲದಿದ್ದರೆ ಜನ ಎರಡು ತುದಿಗಳ ನಡುವೆ ಹೊಯ್ದಾಡುತ್ತಾರೆ. ಕೋವಿಡ್ ಎರಡನೇ ಅಲೆಯಲ್ಲಿ ಇದನ್ನೇ ಕಂಡೆವು. ಸಣ್ಣ ಕೆಮ್ಮಿಗೂ ಎದೆಯ ಸಿಟಿಯಾದ ಎಚ್‌ಆರ್‌ಸಿಟಿ ಮಾಡಿಸಲು ಸೆಂಟರುಗಳ ಮುಂದೆ ಸಾಲು ನಿಂತಿತು. 2021ರ ಮೇ ತಿಂಗಳಲ್ಲಿ ದೆಹಲಿಯ ಏಮ್ಸ್ ನಿರ್ದೇಶಕ ರಣದೀಪ್ ಗುಲೇರಿಯಾ, ಒಂದು ಸಿಟಿ ಎಂದರೆ 300–400 ಎದೆಯ ಎಕ್ಸ್‌ರೇಗೆ ಸಮ ಎಂದರು. ಈಗಿನ ಯಂತ್ರಗಳಿಗೆ ಆ ಲೆಕ್ಕ ಸಲ್ಲದು ಎಂದು ಭಾರತೀಯ ರೇಡಿಯಾಲಜಿಸ್ಟರ ಸಂಘ ಬಹಿರಂಗವಾಗಿ ಆಕ್ಷೇಪಿಸಿತು. ಒಂದು ಕಡೆಯಿಂದ ಹೆದರಿಕೆ, ಮತ್ತೊಂದು ಕಡೆಯಿಂದ ಸಮಾಧಾನ. ಆ ವಾರ ಸ್ಕ್ಯಾನ್ ಮಾಡಿಸಿಕೊಂಡವನಿಗೆ ತನಗೆ ಹೋದದ್ದೆಷ್ಟು ಎಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ. ಸ್ಕ್ಯಾನಿನ ದರಕ್ಕೆ ಸರ್ಕಾರ ಮಿತಿ ಹಾಕಿತು, ಒಳ್ಳೆಯದೇ ಆಯಿತು. ಡೋಸನ್ನು ಬರೆದುಕೊಡಿ ಎಂದು ಮಾತ್ರ ಯಾರೂ ಕೇಳಲಿಲ್ಲ.

ಅಂಕಿ ನಿಮ್ಮ ಬಳಿ ಇಲ್ಲವೆಂದೇನೂ ಅಲ್ಲ. ಸಿಟಿ ಮುಗಿದೊಡನೆ ಕನ್ಸೋಲಿನ ಪರದೆಯ ಮೇಲೆ ಯಂತ್ರವೇ ಒಂದು ಪುಟ ಮೂಡಿಸುತ್ತದೆ. ಎಡಕ್ಕೆ ಒಂದೊಂದು ಸುತ್ತಿನ ಹೆಸರು, ಅದರ ಮುಂದೆ ಡೋಸಿನ ತೀವ್ರತೆ ತಿಳಿಸುವ ಸಿಟಿಡಿಐ, ಅದರ ಪಕ್ಕ ಸ್ಕ್ಯಾನ್ ಮಾಡಿದ ಉದ್ದದಿಂದ ಅದನ್ನು ಗುಣಿಸಿದ ಡಿಎಲ್‌ಪಿ, ಕೊನೆಗೆ ಒಟ್ಟು ಮೊತ್ತ. ಎದೆಯ ಸ್ಕ್ಯಾನಿನ ಡಿಎಲ್‌ಪಿ 500 ಎಂದಿದ್ದರೆ 0.014ರಿಂದ ಗುಣಿಸಿ, 7 ಮಿಲಿಸೀವರ್ಟ್ ಆಯಿತು. ಲೆಕ್ಕ ಅಷ್ಟೇ. ಆ ಪುಟ ಚಿತ್ರಗಳ ಜೊತೆ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ರೋಗಿಯ ಕವರಿನೊಳಗೆ ಬರುವುದಿಲ್ಲ. ಹತ್ತು ರೂಪಾಯಿಗೆ ಸಿಗುವ ಪ್ಯಾರಾಸಿಟಮಾಲ್ ಪಟ್ಟಿಯ ಮೇಲೂ ಎಷ್ಟು ಮಿಲಿಗ್ರಾಂ ಎಂದು ಅಚ್ಚಾಗಿರುತ್ತದೆ, ಸಾವಿರಾರು ರೂಪಾಯಿಯ ಸ್ಕ್ಯಾನಿನ ರಿಪೋರ್ಟಿನಲ್ಲಿ ಎಷ್ಟು ಮಿಲಿಸೀವರ್ಟ್ ಎಂದು ಇರುವುದಿಲ್ಲ.

ಬರವಣಿಗೆಗೆ ಪುರಸೊತ್ತಿಲ್ಲ ಎನ್ನಬೇಡಿ. ಗರ್ಭಿಣಿಗೆ ಅಲ್ಟ್ರಾಸೌಂಡ್ ಮಾಡುವಾಗ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಂತೆ ಪ್ರತಿಯೊಬ್ಬರಿಗೂ ಫಾರ್ಮ್ ಎಫ್ ತುಂಬುತ್ತೀರಿ, ತುಂಬಲೇಬೇಕು. ಹೆಣ್ಣುಮಕ್ಕಳ ಜೀವ ಉಳಿಸಲು ಆ ಕಾಗದ ಬೇಕು ಎಂದು ಸಮಾಜ ತೀರ್ಮಾನಿಸಿತು, ನೀವು ಅದನ್ನು ರೂಢಿಸಿಕೊಂಡಿರಿ. ಡೋಸ್ ಬರೆಯಲು ಫಾರ್ಮೂ ಬೇಡ, ಒಂದು ಸಾಲು ಸಾಕು.

ಬರೆದಿಟ್ಟ ಅಂಕಿ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಉತ್ತರ ಕನ್ನಡದ ಕೈಗಾದಲ್ಲೇ ಉದಾಹರಣೆಯಿದೆ. 2009ರ ನವೆಂಬರಿನಲ್ಲಿ ಅಣುಸ್ಥಾವರದ ಕೆಲಸಗಾರರ ಮೂತ್ರದಲ್ಲಿ ವಿಕಿರಣಶೀಲ ಟ್ರಿಟಿಯಂ ಪ್ರಮಾಣ ಏರಿದ್ದು ವಾಡಿಕೆಯ ಪರೀಕ್ಷೆಯಲ್ಲಿ ಕಂಡುಬಂತು. ಹುಡುಕುತ್ತ ಹೋದಾಗ ಯಾರೋ ಕುಡಿಯುವ ನೀರಿನ ಕೂಲರಿಗೇ ಟ್ರಿಟಿಯಂ ಇದ್ದ ಭಾರಜಲ ಸೇರಿಸಿದ್ದರೆಂದು ತಿಳಿಯಿತು. ತಪ್ಪದೆ ಅಳೆಯುವ ಪದ್ಧತಿ ಇದ್ದುದರಿಂದ ಬೇಗ ಸಿಕ್ಕಿತು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಅಲ್ಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಪಾರ್ಶ್ವವಾಯು ಪತ್ತೆಯ ಸಿಟಿಗೆ ಯಂತ್ರದ ಸೆಟ್ಟಿಂಗ್ ತಪ್ಪಾಗಿ, ಹದಿನೆಂಟು ತಿಂಗಳ ಕಾಲ 206 ರೋಗಿಗಳಿಗೆ ಎಂಟು ಪಟ್ಟು ಡೋಸ್ ಹೋಯಿತು. ಪರದೆಯ ಮೇಲೆ ಅಂಕಿ ಮೂಡುತ್ತಲೇ ಇತ್ತು, ನೋಡಿದವರಿಲ್ಲ. 2009ರಲ್ಲಿ ಒಬ್ಬ ರೋಗಿಯ ತಲೆಗೂದಲು ಉದುರಿದಾಗಲೇ ವಿಷಯ ಹೊರಬಿದ್ದದ್ದು. ಮರುವರ್ಷವೇ ಕ್ಯಾಲಿಫೋರ್ನಿಯ ರಾಜ್ಯ ಕಾನೂನು ತಂದು, 2012ರ ಜುಲೈನಿಂದ ಪ್ರತಿ ಸಿಟಿ ರಿಪೋರ್ಟಿನಲ್ಲೂ ಡೋಸ್ ಬರೆಯುವುದನ್ನು ಕಡ್ಡಾಯ ಮಾಡಿತು. ರೋಗಿಗೆ ತಗುಲಿದ ವಿಕಿರಣದ ಮಾಹಿತಿ ರಿಪೋರ್ಟಿನ ಭಾಗವಾಗಿರಬೇಕೆಂದು ಯುರೋಪಿಯನ್ ಒಕ್ಕೂಟದ 2013ರ ನಿರ್ದೇಶನವೂ ಹೇಳುತ್ತದೆ.

ಹೇಳಲು ಕಷ್ಟವಾದ ಒಂದು ಮಾತೂ ಇದೆ. 2017ರ ಕೊನೆಯಲ್ಲಿ ಬೆಂಗಳೂರಿನ ಡಯಾಗ್ನಾಸ್ಟಿಕ್ ಸೆಂಟರುಗಳ ಮೇಲೆ ಆದಾಯ ತೆರಿಗೆ ಇಲಾಖೆ ಶೋಧ ನಡೆಸಿತು. ರೋಗಿಗಳನ್ನು ಕಳಿಸಿದ ವೈದ್ಯರಿಗೆ ಎಂಆರ್‌ಐಗೆ ಶೇ 35, ಸಿಟಿಗೆ ಶೇ 20 ಕಮಿಷನ್ ಸಾಮಾನ್ಯವಾಗಿ ಸಂದಾಯವಾಗುತ್ತಿತ್ತು ಎಂದು ಇಲಾಖೆಯೇ ಪ್ರಕಟಿಸಿತು. ಪ್ರಾಮಾಣಿಕ ವೈದ್ಯರು ಬಹಳ ಮಂದಿ ಇದ್ದಾರೆ, ಅವರ ಜೊತೆ ದುಡಿದವನು ನಾನು. ಆದರೆ ಸ್ಕ್ಯಾನ್ ಬರೆದದ್ದಕ್ಕೆ ದುಡ್ಡು ಸಿಗುವ ಕಡೆ ‘ಇದು ಬೇಕೇ’ ಎಂಬ ಪ್ರಶ್ನೆ ಸಾಯುತ್ತದೆ. ಮಾಸ್ಟರ್ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಯಾವ ಲಕ್ಷಣವೂ ಇಲ್ಲದವರಿಗೆ ಸಿಟಿ ಸೇರಿಸುವುದೂ ಇದೇ ಸಾಲಿಗೆ ಬರುತ್ತದೆ.

ಸಿಟಿ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾಯುವವರ ಮಾತನ್ನು ನಾನು ಕೇಳುತ್ತ ಬಂದಿದ್ದೇನೆ. ‘ಸಾರ್, ತಿಂಡಿ ತಿಂದ್ಬಿಟ್ಟಿದ್ದೀನಿ, ಪರ್ವಾಗಿಲ್ವಾ?’ ‘ಎಷ್ಟಾಗುತ್ತೆ?’ ‘ಮಗೂಗೆ ನೋವಾಗಲ್ಲ ತಾನೆ?’ ‘ಈ ರಿಪೋರ್ಟು ಹೊಸ ಡಾಕ್ಟ್ರು ಒಪ್ತಾರಾ?’ ಡೋಸ್ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಇದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದವರು ನೀವು.

ಆದ್ದರಿಂದ ನನ್ನ ಬಿನ್ನಹ ಇಷ್ಟು. ಒಂದು, ಪ್ರತಿ ಸಿಟಿ ರಿಪೋರ್ಟಿನ ಕೊನೆಯಲ್ಲಿ ಒಟ್ಟು ಡಿಎಲ್‌ಪಿ ಮತ್ತು ಅಂದಾಜು ಮಿಲಿಸೀವರ್ಟ್ ಬರೆಯಿರಿ. ಎರಡು, ಹೊಸ ಸ್ಕ್ಯಾನ್ ಬರೆಯುವ ಮೊದಲು ಹಳೆಯ ಫಿಲ್ಮು, ಸಿಡಿ ಕೇಳಿ ನೋಡಿ, ಬೇರೆ ಸೆಂಟರಿನದು ಎಂಬ ಕಾರಣಕ್ಕೇ ತಿರಸ್ಕರಿಸಿ ಮತ್ತೆ ಮಾಡಿಸಬೇಡಿ. ಮೂರು, ಅಲ್ಟ್ರಾಸೌಂಡಿನಲ್ಲಿ, ಎಂಆರ್‌ಐನಲ್ಲಿ ಉತ್ತರ ಸಿಗುವಂತಿದ್ದರೆ ಅದನ್ನೇ ಮೊದಲು ಮಾಡಿ. ನಾಲ್ಕು, ಮಗುವಿಗೆ ಮಗುವಿನ ಸೆಟ್ಟಿಂಗ್ ಹಾಕಿ. ಬಿದ್ದು ತಲೆಗೆ ಪೆಟ್ಟಾದ ಮಕ್ಕಳಲ್ಲಿ ಯಾರಿಗೆ ಸಿಟಿ ಬೇಕು, ಯಾರನ್ನು ಕೆಲವು ಗಂಟೆ ಕಣ್ಣಿಟ್ಟು ನೋಡಿಕೊಂಡರೆ ಸಾಕು ಎಂಬುದಕ್ಕೆ ಅಮೆರಿಕದಲ್ಲಿ 42,412 ಮಕ್ಕಳನ್ನು ಪರೀಕ್ಷಿಸಿ 2009ರಲ್ಲೇ ನಿಯಮ ರೂಪಿಸಿದ್ದಾರೆ. ಅದನ್ನು ತುರ್ತು ವಿಭಾಗದ ಗೋಡೆಯ ಮೇಲೆ ಅಂಟಿಸಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ಡೋಸ್ ತಿಳಿಯುವ ಹಕ್ಕನ್ನೂ ಸ್ಪಷ್ಟವಾಗಿ ಅದರಡಿ ತರಬೇಕೆಂದು ಆರೋಗ್ಯ ಇಲಾಖೆಯನ್ನೂ ಇದೇ ಪತ್ರದಲ್ಲಿ ಕೇಳಿಕೊಳ್ಳುತ್ತೇನೆ.

ಇದನ್ನು ಓದುತ್ತಿರುವ ಉಳಿದವರಿಗೂ ಒಂದು ಮಾತು. ವೈದ್ಯರು ಬರೆದ ಅಗತ್ಯದ ಸ್ಕ್ಯಾನನ್ನು ಹೆದರಿ ಬಿಡಬೇಡಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಂತೂ ಖಂಡಿತ ಬಿಡಬೇಡಿ. ಆದರೆ ಮಾಡಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಈ ಸ್ಕ್ಯಾನಿನಿಂದ ಚಿಕಿತ್ಸೆ ಏನು ಬದಲಾಗುತ್ತದೆ? ವಿಕಿರಣ ಇಲ್ಲದ ಪರೀಕ್ಷೆ ಸಾಕಾಗುವುದಿಲ್ಲವೇ? ನನಗೆ ಹೋಗುವ ಡೋಸ್ ಎಷ್ಟು? ಮೂರನೆಯದರ ಉತ್ತರವನ್ನು ಬರೆಸಿಕೊಂಡೇ ಬನ್ನಿ. ಮಕ್ಕಳದಾದರೆ ಲಸಿಕೆಯ ಕಾರ್ಡಿನ ಜೊತೆಗೇ ಜೋಪಾನವಾಗಿಡಿ. ನೂರು ಮಂದಿ ಕೇಳಿದರೆ ಸೆಂಟರುಗಳು ಕೊಡತೊಡಗುತ್ತವೆ, ಸಾವಿರ ಮಂದಿ ಕೇಳಿದರೆ ಅದೇ ಪದ್ಧತಿಯಾಗುತ್ತದೆ.

ಇತಿ,
ನಿಮ್ಮೊಡನೆ ದುಡಿದ
ಒಬ್ಬ ನಿವೃತ್ತ ಎಕ್ಸ್‌ರೇ ಟೆಕ್ನೀಷಿಯನ್